ಒಂದೆಡೆ ನೆಲೆ ನಿಲ್ಲಿರೆಂಬ ಷರತ್ತು: ಸಾನ್ ಜನರ ನೆಲವೂ ಮಿಷನರಿಗಳ ಬರವೂ

2006ರ ಡಿಸೆಂಬರ್ 13ರಂದು ಬೋಟ್ಸ್ವಾನಾದ ಲೊಬಾಟ್ಸೆಯಲ್ಲಿ ಅಲ್ಲಿನ ಹೈಕೋರ್ಟು ಎರಡಕ್ಕೊಂದರ ಬಹುಮತದಿಂದ ಒಂದು ತೀರ್ಪು ಕೊಟ್ಟಿತು. ಸೆಂಟ್ರಲ್ ಕಲಹರಿ ವನ್ಯಜೀವಿ ಮೀಸಲು ಪ್ರದೇಶದಿಂದ ಅಲ್ಲಿನ ಮೂಲನಿವಾಸಿಗಳಾದ ಸಾನ್ ಜನರನ್ನು ಹೊರಗೆ ಕಳಿಸಿದ್ದು ಸಂವಿಧಾನಬಾಹಿರ, ಅವರಿಗೆ ಮರಳಿ ಹೋಗುವ ಹಕ್ಕಿದೆ ಎಂಬುದು ಅದರ ಸಾರ. ಸುಮಾರು 52,800 ಚದರ ಕಿಲೋಮೀಟರಿನ, ಅಂದರೆ ಕೇರಳಕ್ಕಿಂತ ದೊಡ್ಡದಾದ ಈ ಪ್ರದೇಶವನ್ನು 1961ರಲ್ಲಿ ಮೀಸಲಾಗಿ ಘೋಷಿಸಿದಾಗ ಪ್ರಾಣಿಗಳ ಜೊತೆಗೆ ಅಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವ ಜನರನ್ನೂ ಉಳಿಸಿಕೊಳ್ಳುವ ಉದ್ದೇಶವಿತ್ತು. ಆದರೆ 1997, 2002 ಮತ್ತು 2005ರಲ್ಲಿ ಸರ್ಕಾರ ಅವರನ್ನು ಹಂತಹಂತವಾಗಿ ಹೊರಗಿನ ನ್ಯೂ ಕ್ಸಾಡೆಯಂಥ ವಸತಿಗಳಿಗೆ ಸಾಗಿಸಿತು. ಸರ್ಕಾರದ ವಾದ ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು: ಚದುರಿದ ಗುಡಿಸಲುಗಳಿಗೆ ಕುಡಿಯುವ ನೀರು, ಶಾಲೆ, ಆಸ್ಪತ್ರೆ ಒದಗಿಸಲಾಗುವುದಿಲ್ಲ, ನೀವು ಒಂದೆಡೆ ನೆಲೆ ನಿಂತರೆ ಎಲ್ಲವನ್ನೂ ಕೊಡುತ್ತೇವೆ.

ಈ ಮಾತು ಸ್ವತಂತ್ರ ಬೋಟ್ಸ್ವಾನಾ ಹುಟ್ಟಿಸಿದ್ದಲ್ಲ. ಇನ್ನೂರು ವರ್ಷಗಳ ಹಿಂದೆ, ಆಫ್ರಿಕದ ದಕ್ಷಿಣ ತುದಿಯಲ್ಲಿ ಯುರೋಪಿಯನ್ನರು ಕಟ್ಟಿದ್ದ ಕೇಪ್ ಕಾಲನಿಯ ಉತ್ತರದ ಗಡಿಯಲ್ಲಿ ಬೈಬಲ್ಲು ಹಿಡಿದು ಬಂದವರು ಇದನ್ನೇ ಹೇಳಿದ್ದರು. ಸಾನ್ ಜನರ ನಡುವೆ ಕ್ರೈಸ್ತ ಮಿಷನ್ನುಗಳ ಮೊದಲ ಪ್ರಯತ್ನಗಳು ಸೋತದ್ದಕ್ಕೆ ಆ ಜನರ ‘ಅಲೆಮಾರಿ ಸ್ವಭಾವ’ವನ್ನು ಕಾರಣವಾಗಿ ತೋರಿಸುವ ರೂಢಿ ಬಹಳ ಹಳೆಯದು. ದಾಖಲೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ನನಗೆ ಕಾಣುವುದು ಬೇರೆ: ಸಾನ್ ಜನ ಮಿಷನ್ ಕೇಂದ್ರಗಳಲ್ಲಿ ನೆಲೆ ನಿಂತಾಗಲೂ ಆ ನೆಲ ಅವರ ಪಾಲಿಗೆ ಉಳಿಯಲಿಲ್ಲ.

ಮೊದಲು ‘ವಲಸೆ’ ಎಂಬ ಪದವನ್ನೇ ತುಸು ಅನುಮಾನದಿಂದ ನೋಡಬೇಕು. ಸಾನ್ ಜನ ಉತ್ತರದಿಂದ, ಬಹುಶಃ ಪೂರ್ವ ಆಫ್ರಿಕದಿಂದ ಇಳಿದು ಬಂದರೆಂದು ಹಳೆಯ ಪುಸ್ತಕಗಳು ಬರೆಯುತ್ತಿದ್ದವು. ಟಾಂಜಾನಿಯಾದ ಹಡ್ಜಾ ಮತ್ತು ಸಂಡಾವೆ ಭಾಷೆಗಳಲ್ಲೂ ನಾಲಗೆ ಚಿಟುಕಿಸುವ ಧ್ವನಿಗಳಿರುವುದು ಈ ಊಹೆಗೆ ಬಲ ಕೊಟ್ಟಿತ್ತು. ಆದರೆ ವಂಶವಾಹಿಗಳ ಅಧ್ಯಯನ ಹೇಳುವಂತೆ ಸಾನ್ ಜನರ ವಂಶಾವಳಿ ಮಿಕ್ಕ ಮನುಷ್ಯರ ವಂಶಾವಳಿಯಿಂದ ಕವಲೊಡೆದು 2 ಲಕ್ಷ ವರ್ಷಗಳಿಗೂ ಹೆಚ್ಚಾಗಿರಬಹುದು. ಇಂದು ಬದುಕಿರುವ ಯಾವ ಜನಸಮುದಾಯಕ್ಕೂ ಇದಕ್ಕಿಂತ ಹಳೆಯ ಕವಲು ಗೊತ್ತಾಗಿಲ್ಲ. ದಕ್ಷಿಣ ಆಫ್ರಿಕದ ಪೂರ್ವ ಗಡಿಯ ಬಾರ್ಡರ್ ಕೇವ್ ಎಂಬ ಗವಿಯಲ್ಲಿ ಸುಮಾರು 44,000 ವರ್ಷ ಹಿಂದಿನ ಪದರಗಳಿಂದ ದೊರೆತ ಅಗೆಯುವ ಕೋಲು, ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಮಣಿ ಮುಂತಾದವು ಇಪ್ಪತ್ತನೆಯ ಶತಮಾನದ ಸಾನ್ ಕುಟುಂಬವೊಂದರ ಸಾಮಾನುಗಳನ್ನೇ ಹೋಲುತ್ತವೆ. ನಮೀಬಿಯಾದ ಅಪೊಲೊ 11 ಗವಿಯ ಚಿತ್ರ ಬಿಡಿಸಿದ ಕಲ್ಲಿನ ಹಲಗೆಗಳಿಗೆ ಇಪ್ಪತ್ತೈದು ಸಾವಿರ ವರ್ಷ ಮೀರಿದ ವಯಸ್ಸಿದೆ. ಬೋಟ್ಸ್ವಾನಾದ ಸೊಡಿಲೊ ಗುಡ್ಡಗಳಲ್ಲಿ 4,500ಕ್ಕೂ ಹೆಚ್ಚು ಶಿಲಾಚಿತ್ರಗಳಿವೆ. ಇಷ್ಟು ದೀರ್ಘಕಾಲ ಒಂದು ನೆಲದಲ್ಲಿ ಬಾಳಿದವರ ಚರಿತ್ರೆಯನ್ನು ‘ಬಂದರು’ ಎಂಬ ಕ್ರಿಯಾಪದದಿಂದ ಶುರುಮಾಡುವುದು ವಿಚಿತ್ರವೇ ಸರಿ. ಆ ನಾಡಿಗೆ ಬಂದವರು ಉಳಿದವರೆಲ್ಲ. ‘ಇವರೂ ನಮ್ಮ ಹಾಗೆ ಎಲ್ಲಿಂದಲೋ ಬಂದವರೇ’ ಎನ್ನುವ ಮಾತಿನಿಂದ ಲಾಭವಾದದ್ದು ಯಾರಿಗೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗೆಂದು ಅವರು ಚಲಿಸುತ್ತಿರಲಿಲ್ಲವೆಂದಲ್ಲ. ಆ ಚಲನೆಗೆ ಒಂದು ಕಟ್ಟಳೆಯಿತ್ತು. ನಮೀಬಿಯಾ ಮತ್ತು ಬೋಟ್ಸ್ವಾನಾ ಗಡಿಯ ಜುಹ್ವಾನ್ಸಿ ಸಾನ್ ಜನರಲ್ಲಿ ‘ನೋರೆ’ ಎಂಬ ಪದ್ಧತಿಯಿದೆ. ನೋರೆ ಎಂದರೆ ಒಂದು ನೀರಿನ ಸೆಲೆ ಮತ್ತು ಅದನ್ನು ಸುತ್ತುವರಿದ, ಒಂದು ಗುಂಪಿಗೆ ಹೊಟ್ಟೆ ತುಂಬುವಷ್ಟು ಕಾಯಿಪಲ್ಯ, ಗೆಡ್ಡೆ, ಬೇಟೆ ದೊರೆಯುವ ನೆಲ. ಅದು ತಂದೆ ಅಥವಾ ತಾಯಿಯ ಕಡೆಯಿಂದ ಬರುತ್ತದೆ. ಅದಕ್ಕೆ ಒಡೆಯರೆಂದು ಗುರುತಿಸಲಾದ ಹಿರಿಯರಿರುತ್ತಾರೆ. ಪಕ್ಕದ ನೋರೆಯವರು ನೀರಿಗೆ ಬಂದರೆ ಕೇಳಿಯೇ ಕುಡಿಯಬೇಕು. ಕೇಳಿದರೆ ಇಲ್ಲವೆನ್ನುವ ವಾಡಿಕೆಯಿಲ್ಲ, ಕೇಳದೆ ಕುಡಿಯುವ ವಾಡಿಕೆಯೂ ಇಲ್ಲ. ಬೇಲಿಯಿಲ್ಲದ, ಕಾಗದಪತ್ರವಿಲ್ಲದ ಈ ಒಡೆತನ ಹೊರಗಿನವರ ಕಣ್ಣಿಗೆ ಬೀಳಲೇ ಇಲ್ಲ. ಯಾವ ಋತುವಿನಲ್ಲಿ ಬಂದರೂ ಅರ್ಧ ನೆಲ ಖಾಲಿಯಾಗಿ ಕಾಣುತ್ತಿತ್ತು. ಖಾಲಿಯಾಗಿ ಕಂಡದ್ದು ಯಾರದ್ದೂ ಅಲ್ಲವೆಂದು ಅವರು ತಿಳಿದರು.

ಹೆಸರುಗಳಲ್ಲೂ ಈ ಹೊರಗಿನ ನೋಟವೇ ಇದೆ. ‘ಸಾನ್’ ಎನ್ನುವುದು ಪಕ್ಕದ ಪಶುಪಾಲಕ ಖೊಯ್‌ಖೊಯ್ ಜನ ಇಟ್ಟ ಹೆಸರು. ದನಕರುಗಳಿಲ್ಲದೆ ಕಾಡಿನಲ್ಲಿ ಆಯ್ದು ತಿನ್ನುವವರು ಎಂಬ ತಾತ್ಸಾರ ಅದರಲ್ಲಿತ್ತು. ಡಚ್ಚರು ‘ಪೊದೆಯ ಜನ’ ಎಂಬರ್ಥದಲ್ಲಿ ಬೋಸ್‌ಯೆಸ್ಮನ್ ಎಂದರು, ಅದೇ ಇಂಗ್ಲಿಷಿನಲ್ಲಿ ಬುಷ್‌ಮನ್ ಆಯಿತು. ಬೋಟ್ಸ್ವಾನಾದಲ್ಲಿ ಬಸಾರ್ವಾ ಎನ್ನುತ್ತಾರೆ. ತಾವು ಮಾತ್ರ ತಮ್ಮನ್ನು ಜುಹ್ವಾನ್ಸಿ, ನಾರೊ, ಕ್ಸಾಮ್, ಕೋಮಾನಿ ಎಂದೇ ಕರೆದುಕೊಂಡವರು. ಒಟ್ಟಾಗಿ ಹೇಳುವಾಗ ಒಂದು ಪದ ಬೇಕೆಂದು 1990ರ ದಶಕದಲ್ಲಿ ಅವರದೇ ಸಂಘಟನೆಗಳು ‘ಸಾನ್’ ಎಂಬುದನ್ನು ಒಪ್ಪಿಕೊಂಡವು. ಈಗ ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕ, ಅಂಗೋಲ ಮುಂತಾದ ದೇಶಗಳಲ್ಲಿ ಎಲ್ಲ ಸೇರಿ ಸುಮಾರು 1 ಲಕ್ಷದಷ್ಟು ಜನರಿದ್ದಾರೆ.

ಸುಮಾರು 2,000 ವರ್ಷಗಳ ಹಿಂದೆ ಕುರಿಗಳೊಂದಿಗೆ ಪಶುಪಾಲನೆ ದಕ್ಷಿಣಕ್ಕೆ ಬಂತು. ಆಮೇಲೆ ಕಬ್ಬಿಣ, ಬೇಸಾಯ ಮತ್ತು ದನಗಳೊಂದಿಗೆ ಬಂಟು ಭಾಷೆಗಳ ರೈತರು ಬಂದರು. ಈ ಬರವು ಎಲ್ಲ ಕಡೆಯೂ ಯುದ್ಧವಾಗಿರಲಿಲ್ಲ. ವ್ಯಾಪಾರ, ಮದುವೆ, ಜೀತ, ಕಾದಾಟ ಎಲ್ಲವೂ ಇದ್ದವು. ನಾವು ಅಯ್ಯೋ ಪಾಪ ಎಂದು ಲೊಚಗುಟ್ಟುವಾಗ, ಎತ್ತುಗಳನ್ನು ಹೊಡೆಯುವವ ನಾಲಗೆಯಿಂದ ಟಕ್ ಎನ್ನಿಸುವಾಗ ಹೊರಡುವ ಸದ್ದುಗಳು ಸಾನ್ ಮತ್ತು ಖೊಯ್‌ಖೊಯ್ ಭಾಷೆಗಳಲ್ಲಿ ನಮ್ಮ ಕ, ಚ, ಟಗಳಂತೆ ಪೂರ್ಣಪ್ರಮಾಣದ ವ್ಯಂಜನಗಳು. ಅವು ಇವತ್ತು ಕೋಸಾ ಮತ್ತು ಜುಲು ಭಾಷೆಗಳಲ್ಲೂ ಇವೆ. ನೆರೆಯವರ ನಾಲಗೆಗೆ ಇಷ್ಟು ಆಳವಾಗಿ ಇಳಿಯಬೇಕಾದರೆ ಹಲವು ತಲೆಮಾರುಗಳ ಕಾಲ ಸಾನ್ ಮತ್ತು ಖೊಯ್‌ಖೊಯ್ ತಾಯಂದಿರು ಆ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿರಬೇಕು.

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕೇಪ್‌ನಲ್ಲಿ ನೆಲೆಯೂರಿದ ಮೇಲೆ ಬಂದ ಸ್ಥಿತಿಯೇ ಬೇರೆ. ಹದಿನೆಂಟನೆಯ ಶತಮಾನದಲ್ಲಿ ಟ್ರೆಕ್‌ಬೋಯರ್ ಎನ್ನಿಸಿಕೊಂಡ ದನಗಾಹಿ ರೈತರು ಕುರಿಮಂದೆ, ಬಂದೂಕು ಮತ್ತು ಎತ್ತಿನ ಗಾಡಿಗಳೊಂದಿಗೆ ಉತ್ತರದ ಒಣನಾಡಾದ ಕರೂಗೆ ನುಗ್ಗಿದರು. ಅವರಿಗೆ ಬೇಕಾದದ್ದು ನೀರಿನ ಸೆಲೆಗಳು, ಅಂದರೆ ಸಾನ್ ಕುಟುಂಬಗಳ ಬದುಕಿನ ನಡುಗಂಬ. ಕುರಿಗಳು ಸೆಲೆಯನ್ನು ತುಳಿದು ಕೆಸರು ಮಾಡಿದವು, ಬೇಟೆಯ ಪ್ರಾಣಿಗಳು ಓಡಿಹೋದವು. ಸಾನ್ ಜನ ದನಕುರಿಗಳನ್ನು ಹೊಡೆದೊಯ್ದರು, ಕುರಿ ಕಾಯುವವರನ್ನು ಕೊಂದರು. 1774ರಲ್ಲಿ ‘ಜನರಲ್ ಕಮಾಂಡೊ’ ಎಂಬ ದೊಡ್ಡ ದಂಡು ಹೊರಟಿತು. 1777ರಲ್ಲಿ ಕಂಪನಿಯ ಆಡಳಿತ ಮಂಡಳಿ ಅವರನ್ನು ನಿರ್ಮೂಲ ಮಾಡುವುದಕ್ಕೇ ಅನುಮತಿ ಕೊಟ್ಟಿತು. 1786ರಿಂದ 1795ರವರೆಗಿನ ಹತ್ತು ವರ್ಷಗಳಲ್ಲಿ ದಂಡುಗಳು ತಾವೇ ಬರೆದಿಟ್ಟ ಲೆಕ್ಕದಲ್ಲಿ ಸತ್ತವರ ಸಂಖ್ಯೆ ಎರಡು ಸಾವಿರವನ್ನು ಮೀರುತ್ತದೆ. ಗಂಡಸರನ್ನು ಕೊಂದು, ಉಳಿದ ಹೆಂಗಸರು ಮಕ್ಕಳನ್ನು ಹಿಡಿದು ತಂದು ಹೊಲಮನೆಗಳಲ್ಲಿ ಜೀತಕ್ಕೆ ಇಟ್ಟುಕೊಳ್ಳುವುದು ರೂಢಿಯಾಯಿತು.

ಸಾನ್ ಜನರ ನಡುವೆ ಮಿಷನರಿಗಳು ಕಾಲಿಟ್ಟದ್ದು ಈ ರಕ್ತಪಾತದ ಕೊನೆಯ ಭಾಗದಲ್ಲಿ. ಬ್ರಿಟಿಷರು 1795ರಲ್ಲಿ ಕೇಪನ್ನು ವಶಪಡಿಸಿಕೊಂಡರು. 1797ರಲ್ಲಿ ಗವರ್ನರ್ ಆಗಿ ಬಂದವನು ಲಾರ್ಡ್ ಮೆಕಾರ್ಟ್ನಿ. ಕರ್ನಾಟಕದ ಓದುಗರಿಗೆ ಈ ಹೆಸರು ಹೊಸದಲ್ಲ: ಟಿಪ್ಪು ಸುಲ್ತಾನನೊಂದಿಗೆ 1784ರ ಮಂಗಳೂರು ಒಪ್ಪಂದವಾದಾಗ ಮದರಾಸಿನ ಗವರ್ನರ್ ಆಗಿದ್ದವನೂ ಇವನೇ. ಯುದ್ಧದ ಖರ್ಚಿಗಿಂತ ಸಂಧಿ ಅಗ್ಗವೆಂಬುದನ್ನು ಅವನು ಅಲ್ಲಿಯೇ ಕಲಿತಿರಬಹುದು. 1798ರಲ್ಲಿ ಕಾಲನಿಯ ಗಡಿಯನ್ನು ಗೊತ್ತುಪಡಿಸಿ, ಸಾನ್ ಜನರಿಗೆ ರೈತರಿಂದಲೇ ದನಕುರಿಗಳನ್ನು ಕೂಡಿಸಿ ಕೊಟ್ಟು, ಅವರನ್ನು ಪಶುಪಾಲಕರನ್ನಾಗಿ ಮಾಡಿ ಶಾಂತಿ ತರುವ ಯೋಜನೆ ಹೊರಟಿತು. ಗಡಿಯ ಅಧಿಕಾರಿ ಫ್ಲೋರಿಸ್ ವಿಸ್ಸರ್ ಇದನ್ನು ಹೊತ್ತುಕೊಂಡು ಹೋದ. ಅವನ ಜೊತೆಯವರು ಬೆಳಿಗ್ಗೆ ಸಂಜೆ ಪ್ರಾರ್ಥನೆ ಮಾಡುವುದನ್ನು ಕಂಡ ಸಾನ್ ಮುಖಂಡರು ತಮಗೂ ಇದನ್ನು ಕಲಿಸುವವರು ಬೇಕೆಂದು ಕೇಳಿದರೆಂದು ಮಿಷನ್ ಬರಹಗಳು ಹೇಳುತ್ತವೆ. ಅವರು ನಿಜಕ್ಕೂ ಕೇಳಿದ್ದು ಧರ್ಮವನ್ನೋ, ಬಂದೂಕಿನವರ ಎದುರು ತಮ್ಮ ಪರವಾಗಿ ನಿಲ್ಲಬಲ್ಲ ಒಬ್ಬ ಬಿಳಿಯನನ್ನೋ ಎಂಬುದು ಬೇರೆ ಪ್ರಶ್ನೆ. ಇಪ್ಪತ್ತೈದು ವರ್ಷ ಗುಂಡಿನ ಸದ್ದು ಕೇಳಿದವರಿಗೆ ಎರಡನೆಯದರ ಅಗತ್ಯ ಹೆಚ್ಚಾಗಿತ್ತು ಎಂದೇ ನನಗನ್ನಿಸುತ್ತದೆ.

1795ರಲ್ಲಿ ಸ್ಥಾಪನೆಯಾಗಿದ್ದ ಲಂಡನ್ ಮಿಷನರಿ ಸೊಸೈಟಿಯ ಮೊದಲ ತಂಡ 1799ರಲ್ಲಿ ಕೇಪ್‌ಗೆ ಬಂದಿಳಿಯಿತು. ಅವರಲ್ಲಿ ಯೋಹಾನೆಸ್ ಕಿಖೆರರ್ ಮತ್ತು ಎಡ್ವರ್ಡ್ಸ್ ಎಂಬಿಬ್ಬರು ಜಾಕ್ ನದಿಯ ಕಡೆಗೆ ಹೊರಟರು. ಹೆಸರಿಗೆ ನದಿಯಾದರೂ ವರ್ಷದ ಹೆಚ್ಚು ಭಾಗ ಒಣಗಿದ ಹಳ್ಳ. ತಮ್ಮ ಮೊದಲ ಬಿಡಾರಕ್ಕೆ ಅವರು ‘ಸಂತೋಷದ ಮುನ್ನೋಟ’ ಎಂಬರ್ಥದ ಡಚ್ ಹೆಸರಿಟ್ಟರು. ಕಿಖೆರರ್ ಜನರನ್ನು ಸೇರಿಸಿದ ಬಗೆಯನ್ನು ತಾನೇ ಬರೆದುಕೊಂಡಿದ್ದಾನೆ: ಹೊಗೆಸೊಪ್ಪು ಹಂಚುತ್ತಿದ್ದ. ಹೊಗೆಸೊಪ್ಪಿಗೂ ಮಾಂಸಕ್ಕೂ ಜನ ಬರುತ್ತಿದ್ದರು, ಕೀರ್ತನೆ ಕೇಳುತ್ತಿದ್ದರು, ಮುಗಿದಾಗ ಹೊರಟುಬಿಡುತ್ತಿದ್ದರು. ಬರಗಾಲದಲ್ಲಿ ಒಂದೇ ಸೆಲೆಯ ಸುತ್ತ ನೂರಾರು ಜನ ಕೂತರೆ ಎಲ್ಲರೂ ಸಾಯುತ್ತಾರೆಂಬುದು ಅವರಿಗೆ ಗೊತ್ತಿತ್ತು, ಪಾದ್ರಿಗೆ ಗೊತ್ತಿರಲಿಲ್ಲ. ಕಾಲಕ್ರಮದಲ್ಲಿ ಅಲ್ಲಿ ಕಾಯಂ ಆಗಿ ಉಳಿದವರಲ್ಲಿ ಹೆಚ್ಚಿನವರು ಖೊಯ್‌ಖೊಯ್ ಮತ್ತು ಮಿಶ್ರ ಮನೆತನದವರು. 1803ರಲ್ಲಿ ಕಿಖೆರರ್ ಮೂವರು ಮತಾಂತರಿತರನ್ನು ಕರೆದುಕೊಂಡು ಹಾಲೆಂಡ್ ಮತ್ತು ಇಂಗ್ಲೆಂಡ್ ಸುತ್ತಿ ಸಭೆಗಳಲ್ಲಿ ನಿಲ್ಲಿಸಿದ. ಆ ಮೂವರೂ ಸಾನ್ ಜನರಲ್ಲ. ಮರಳಿ ಬಂದವನು ಗ್ರಾಫ್-ರೈನೆಟ್ ಪಟ್ಟಣದ ಬಿಳಿಯರ ಚರ್ಚಿನ ಪಾದ್ರಿಯಾದ. 1806ರಲ್ಲಿ ಜಾಕ್ ನದಿಯ ಕೇಂದ್ರ ಮುಚ್ಚಿತು.

ಇದೇ ಸೊಸೈಟಿ ನಾಲ್ಕು ವರ್ಷಗಳ ಬಳಿಕ, 1810ರಲ್ಲಿ, ಜಾನ್ ಹ್ಯಾಂಡ್ಸ್ ಎಂಬಾತನನ್ನು ಬಳ್ಳಾರಿಗೆ ಕಳಿಸಿತು. ಅಲ್ಲಿ ಶಾಲೆಗಳು ತೆರೆದವು, ಬೈಬಲ್ಲು ಕನ್ನಡಕ್ಕೆ ಬಂತು. ಬಳ್ಳಾರಿಯಲ್ಲಿ ಪೇಟೆಯಿತ್ತು, ದಂಡಿನ ಬಿಡಾರವಿತ್ತು, ಲಿಪಿಯಿತ್ತು, ಓದಬಲ್ಲವರೂ ಪಾದ್ರಿಗೆ ತಿರುಗುತ್ತರ ಕೊಡಬಲ್ಲ ಪಂಡಿತರೂ ಇದ್ದರು. ಮಿಷನ್ ಎಂಬ ಸಂಸ್ಥೆ ಕೆಲಸ ಮಾಡಲು ಬೇಕಾದ ಸಲಕರಣೆ ಇದು: ಮನೆ, ಗಂಟೆ, ಹೊಲ, ಹಾಜರಿ. ಇದ್ಯಾವುದೂ ಇಲ್ಲದ ಕಡೆ ಅದು ಮೊದಲು ಅದನ್ನೇ ಸೃಷ್ಟಿಸಬೇಕಾಗುತ್ತದೆ, ಆಗ ಸುವಾರ್ತೆಗಿಂತ ಮುಂಚೆ ನೇಗಿಲು ಬರುತ್ತದೆ.

ಖೊಯ್‌ಖೊಯ್ ಪಶುಪಾಲಕರ ನಡುವೆ ಇದು ಸಾಧ್ಯವಾಗಿತ್ತು ಎಂಬುದನ್ನು ಗಮನಿಸಬೇಕು. ಮೊರೇವಿಯನ್ ಪಂಥದ ಜಾರ್ಜ್ ಶ್ಮಿಟ್ 1737ರಲ್ಲಿಯೇ ಬಂದು ಬವಿಯಾನ್ಸ್‌ಕ್ಲೂಫ್ ಕಣಿವೆಯಲ್ಲಿ ನೆಲೆಸಿದ. ವಿಧಿವತ್ತಾಗಿ ಪಾದ್ರಿಯಾಗದೆ ದೀಕ್ಷಾಸ್ನಾನ ಕೊಟ್ಟನೆಂದು ಡಚ್ ಪಾದ್ರಿಗಳು ತಕರಾರು ತೆಗೆದು, 1744ರಲ್ಲಿ ಅವನು ಯುರೋಪಿಗೆ ಹೊರಟುಹೋದ. ಸುಮಾರು ಅರ್ಧ ಶತಮಾನದ ನಂತರ, 1792ರಲ್ಲಿ, ಅದೇ ಪಂಥದ ಮೂವರು ಅಲ್ಲಿಗೆ ಹೋದಾಗ ಅವನಿಂದ ದೀಕ್ಷೆ ಪಡೆದಿದ್ದ ಲೇನಾ ಎಂಬ ಮುದುಕಿ ಇನ್ನೂ ಬದುಕಿದ್ದಳು. ಕುರಿಯ ಚರ್ಮದಲ್ಲಿ ಸುತ್ತಿ ಜೋಪಾನ ಮಾಡಿದ್ದ, ಶ್ಮಿಟ್ ಕೊಟ್ಟಿದ್ದ ಡಚ್ ಭಾಷೆಯ ಹೊಸ ಒಡಂಬಡಿಕೆಯನ್ನು ಅವಳು ಹೊರತೆಗೆದು ತೋರಿಸಿದಳು. ಆ ಊರು ಮುಂದೆ ಗೆನಾಡೆಂಡಾಲ್ ಆಯಿತು, ಇಂದಿಗೂ ಇದೆ. ನೆಲ ಕಳೆದುಕೊಂಡ ಖೊಯ್‌ಖೊಯ್ ಕುಟುಂಬಗಳಿಗೆ ಮಿಷನ್ ಒಂದು ಆಸರೆಯಾಗಿತ್ತು.

ಸಾನ್ ಜನರಿಗೂ ಅಂಥ ಆಸರೆ ಸಿಗುವ ಸೂಚನೆ ಕಂಡಾಗ ಏನಾಯಿತೆಂಬುದು ಇಡೀ ಕಥೆಯ ತಿರುಳು. 1814ರಲ್ಲಿ ಎರಾಸ್ಮಸ್ ಸ್ಮಿಟ್ ಎಂಬಾತ ಟೂವರ್‌ಬರ್ಗ್ ಬೆಟ್ಟದ ಬುಡದಲ್ಲಿ ಸಾನ್ ಜನರಿಗಾಗಿ ಮಿಷನ್ ತೆರೆದ. ಸ್ವಲ್ಪ ಸಮಯದಲ್ಲಿ ಹೆಫ್ಜಿಬಾ ಎಂಬ ಇನ್ನೊಂದು ಕೇಂದ್ರವೂ ಆಯಿತು. ಈ ಸಲ ಜನ ನೂರುಗಟ್ಟಲೆ ಬಂದರು, ತೋಟ ಮಾಡಿದರು, ಉಳಿದರು. ಉಳಿದದ್ದೇ ತಪ್ಪಾಯಿತು. ಗಡಿಯ ರೈತರಿಗೆ ತಮ್ಮ ಆಳುಗಳು ಅಲ್ಲಿಗೆ ಓಡಿಹೋಗುವ ಭಯ, ಇಷ್ಟು ಜನ ಸಾನರು ಒಂದೆಡೆ ಸೇರಿರುವ ಭಯ. ಗವರ್ನರ್ ಲಾರ್ಡ್ ಚಾರ್ಲ್ಸ್ ಸಾಮರ್‌ಸೆಟ್‌ನ ಆಡಳಿತ ಮಿಷನರಿಗಳನ್ನು ಹಿಂದಕ್ಕೆ ಕರೆಸಿತು. 1818ರ ಹೊತ್ತಿಗೆ ಎರಡೂ ಮುಚ್ಚಿದವು. ಟೂವರ್‌ಬರ್ಗ್ ಮಿಷನ್ನಿನ ಜಾಗದಲ್ಲಿ 1830ರಲ್ಲಿ ಎದ್ದದ್ದು ಕೋಲ್ಸ್‌ಬರ್ಗ್ ಎಂಬ ಬಿಳಿಯರ ಪಟ್ಟಣ. 1823ರಲ್ಲಿ ಸೊಸೈಟಿಯ ಮುಖ್ಯಸ್ಥ ಡಾ. ಜಾನ್ ಫಿಲಿಪ್‌ನ ಹೆಸರಿನಲ್ಲಿ ಸಾನ್ ಜನರಿಗೆಂದೇ ಸ್ಥಾಪಿಸಿದ ಫಿಲಿಪ್ಪೊಲಿಸ್ ಮೂರೇ ವರ್ಷಗಳಲ್ಲಿ ಎರಡನೆಯ ಆಡಂ ಕಾಕ್ ನಾಯಕತ್ವದ, ಖೊಯ್‌ಖೊಯ್ ಮತ್ತು ಯುರೋಪಿಯನ್ ಮಿಶ್ರ ಮನೆತನದ ಗ್ರೀಕ್ವಾ ಜನರ ಕೈಸೇರಿತು. ಅವರು ಸಾನ್ ಜನರನ್ನು ಕಾಪಾಡಬೇಕೆಂಬ ಷರತ್ತಿತ್ತು. ಆದದ್ದು ಸಾನ್ ಜನರ ಮೇಲೆ ಗ್ರೀಕ್ವಾ ದಾಳಿ. ಕ್ಯಾಲೆಡನ್ ನದಿಯ ಬಳಿ 1828ರಲ್ಲಿ ತೆರೆದ ಸಾನ್ ಶಾಲೆಯನ್ನು 1833ರಲ್ಲಿ ಪ್ಯಾರಿಸ್ ಮಿಷನ್ನಿಗೆ ಒಪ್ಪಿಸಲಾಯಿತು. ಅಲ್ಲಿ ಬಂದು ನೆಲೆಸಿದವರು ತ್ಸ್ವಾನಾ ಜನ, ಊರಿನ ಹೆಸರು ಬೆತೂಲಿ. ಮೂರೂ ಇಂದು ಭೂಪಟದಲ್ಲಿ ಊರುಗಳಾಗಿ ಕಾಣುತ್ತವೆ. ಮಿಷನ್ ಮಾಡಿದ ಕೆಲಸವೆಂದರೆ ನೀರಿರುವ ಜಾಗವನ್ನು ಗುರುತಿಸಿ, ದಾರಿ ಮಾಡಿ, ವಾಸಯೋಗ್ಯವೆಂದು ತೋರಿಸಿಕೊಟ್ಟದ್ದು.

ಇದರಲ್ಲಿ ಮಿಷನರಿಗಳ ದುರುದ್ದೇಶವನ್ನು ಹುಡುಕುವುದು ಸುಲಭ, ಆದರೆ ಸರಿಯಲ್ಲ. ಜಾನ್ ಫಿಲಿಪ್ ದಂಡುಗಳ ಕೊಲೆಗಳನ್ನು ಲಂಡನ್ನಿನವರೆಗೆ ಕೊಂಡೊಯ್ದು ಬಹಿರಂಗಪಡಿಸಿದವನು. ತೊಂದರೆಯಿದ್ದದ್ದು ಮಿಷನ್ನಿನ ರಚನೆಯಲ್ಲಿ. ಅದಕ್ಕೆ ಮಾತಾಡಲು ಒಬ್ಬ ಅರಸ ಬೇಕು. ತ್ಸ್ವಾನಾ ಜನರಲ್ಲಿ ಸಾವಿರಾರು ಮನೆಗಳ ಪಟ್ಟಣಗಳಿದ್ದವು, ರಾಜರಿದ್ದರು. ರಾಬರ್ಟ್ ಮೊಫಾಟ್ ಕುರುಮಾನ್‌ನಲ್ಲಿ ಕುಳಿತು 1857ರ ಹೊತ್ತಿಗೆ ಇಡೀ ಬೈಬಲ್ಲನ್ನು ಸೆತ್ಸ್ವಾನಾಕ್ಕೆ ತಂದ. ದೊರೆ ಮೂರನೆಯ ಖಾಮಾ ಕ್ರೈಸ್ತನಾಗಿ ರಾಜ್ಯವನ್ನೇ ಕ್ರೈಸ್ತವಾಗಿಸಿದ. ಅದೇ ರಾಜ್ಯದಲ್ಲಿ ಸಾನ್ ಜನ ತ್ಸ್ವಾನಾ ಒಡೆಯರ ದನ ಕಾಯುವ ವಂಶಪಾರಂಪರ್ಯದ ಜೀತದಾಳುಗಳಾಗಿ ಮುಂದುವರಿದರು.

ಮಿಷನರಿಗಳಿಗೆ ಅವರ ಜ್ಞಾನ ಕಂಡಿರಲಿಲ್ಲವೆಂದಲ್ಲ. 1849ರಲ್ಲಿ ಕಲಹರಿ ದಾಟಿ ನ್ಗಾಮಿ ಸರೋವರ ಕಂಡ ಡೇವಿಡ್ ಲಿವಿಂಗ್‌ಸ್ಟನ್ ಸಾನ್ ಹೆಂಗಸರು ನೀರು ತುಂಬಿಸಿಕೊಳ್ಳುವ ಬಗೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಮರಳಿನಲ್ಲಿ ತೋಳಿನುದ್ದ ಕೊರೆದು, ಜೊಂಡಿನ ಕೊಳವೆಯ ತುದಿಗೆ ಹುಲ್ಲು ಕಟ್ಟಿ ಇಳಿಬಿಟ್ಟು, ಸುತ್ತಲೂ ಒದ್ದೆ ಮರಳನ್ನು ಗಟ್ಟಿಯಾಗಿ ಒತ್ತುತ್ತಾರೆ. ಬಾಯಿಂದ ಹೀರಿದ ನೀರು ತುಟಿಯಂಚಿನ ಇನ್ನೊಂದು ಕಡ್ಡಿಯ ಮೇಲೆ ಜಾರಿ ನೆಲದ ಮೇಲಿಟ್ಟ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿಗೆ ತೊಟ್ಟಿಕ್ಕುತ್ತದೆ. ಹೀಗೆ ಇಪ್ಪತ್ತು ಮೂವತ್ತು ಚಿಪ್ಪು ತುಂಬಿಸಿ, ಶತ್ರುಗಳಿಗೆ ತಿಳಿಯದಂತೆ ಹೂತಿಡುತ್ತಾರೆ. ಇಷ್ಟು ನೀರಿನ ಲೆಕ್ಕ ಬಲ್ಲವರಿಗೆ ‘ಒಂದೆಡೆ ಇರಿ’ ಎಂದು ಬೋಧಿಸುವುದರಲ್ಲಿರುವ ವ್ಯಂಗ್ಯ ಲಿವಿಂಗ್‌ಸ್ಟನ್‌ಗೆ ಹೊಳೆದಂತಿಲ್ಲ.

ಜಾಕ್ ನದಿಯ ಸುತ್ತಲಿನ ಕ್ಸಾಮ್ ಸಾನ್ ಜನರ ಮಾತನ್ನು ಕೊನೆಗೂ ಬರೆದಿಟ್ಟವರು ಮಿಷನರಿಗಳಲ್ಲ. ಜರ್ಮನ್ ಭಾಷಾವಿಜ್ಞಾನಿ ವಿಲ್ಹೆಲ್ಮ್ ಬ್ಲೀಕ್ ಮತ್ತು ಅವನ ನಾದಿನಿ ಲೂಸಿ ಲಾಯ್ಡ್ 1870ರಿಂದ ಕೇಪ್ ಟೌನಿನ ತಮ್ಮ ಮನೆಯಲ್ಲಿ, ದನ ಕದ್ದ ಅಪರಾಧಕ್ಕೆ ಜೈಲು ಸೇರಿದ್ದ ಕ್ಸಾಮ್ ಕೈದಿಗಳನ್ನು ಬಿಡಿಸಿ ತಂದಿಟ್ಟುಕೊಂಡು, ಅವರು ಹೇಳಿದ್ದನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡರು. ಒಟ್ಟು ಸುಮಾರು 12,000 ಪುಟ. ಅವರಲ್ಲಿ ಹಿರಿಯನಾದ ಕಾಬ್ಬೊ ತನ್ನ ಊರಿನ ಬಗ್ಗೆ ಹೇಳಿದ ಒಂದು ಮಾತಿದೆ. ಬಿಟರ್‌ಪಿಟ್ಸ್ ಎಂಬ ಆ ನೀರಿನ ಜಾಗ ಮೊದಲು ತನ್ನ ಅಜ್ಜನದಾಗಿತ್ತು, ಅಜ್ಜ ಸತ್ತ ಮೇಲೆ ಅಪ್ಪನದಾಯಿತು, ಅಪ್ಪನ ನಂತರ ಅಣ್ಣನದು, ಅಣ್ಣ ಸತ್ತ ಮೇಲೆ ತನ್ನದು. ‘ಅಲೆಮಾರಿ’ ಎಂದು ಸರ್ಕಾರಿ ಕಡತಗಳು ಕರೆದ ಮನುಷ್ಯ ಮೂರು ತಲೆಮಾರಿನ ಒಡೆತನವನ್ನು ಕ್ರಮವಾಗಿ ಒಪ್ಪಿಸುತ್ತಿದ್ದಾನೆ. ಶಿಕ್ಷೆಯ ಅವಧಿ ಮುಗಿದ ಮೇಲೂ ಕಥೆ ಹೇಳುವುದಕ್ಕಾಗಿ ಅವನು ಉಳಿದ, 1873ರಲ್ಲಿ ಊರಿಗೆ ಮರಳಿದ, 1876ರಲ್ಲಿ ತೀರಿಕೊಂಡ. ಕ್ಸಾಮ್ ಭಾಷೆ ಈಗ ಯಾರ ಮನೆಮಾತೂ ಅಲ್ಲ. 2000ದಿಂದ ದಕ್ಷಿಣ ಆಫ್ರಿಕದ ರಾಷ್ಟ್ರಲಾಂಛನದ ಧ್ಯೇಯವಾಕ್ಯ ಮಾತ್ರ ಆ ಭಾಷೆಯಲ್ಲಿದೆ.

ಇಪ್ಪತ್ತನೆಯ ಶತಮಾನದ ಮಿಷನ್ನುಗಳು ತುಸು ಬೇರೆ ದಾರಿ ಹಿಡಿದವು. ಬೋಟ್ಸ್ವಾನಾದ ಗಾಂಝಿ ಜಿಲ್ಲೆಯ ಡಿಕಾರ್ ಎಂಬಲ್ಲಿ ರಿಫಾರ್ಮ್ಡ್ ಚರ್ಚಿನ ಕೆಲಸದಿಂದ ಬೆಳೆದ ಕುರು ಸಂಸ್ಥೆ 1986ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ನಾರೊ ಭಾಷೆಗೆ ಬರವಣಿಗೆ ಬಂತು, ನಿಘಂಟು ಬಂತು, ಬೈಬಲ್ಲಿನ ಅನುವಾದ ನಡೆಯಿತು. ಚಿಟುಕು ಧ್ವನಿಗಳಿಗೆ ವಿದ್ವಾಂಸರು ಬಳಸುವ ಗೆರೆ, ಆಶ್ಚರ್ಯಸೂಚಕ ಚಿಹ್ನೆಗಳ ಬದಲು ಜುಲು ಭಾಷೆಯಂತೆ ರೋಮನ್ ಲಿಪಿಯ ಸಿ, ಕ್ಯೂ, ಎಕ್ಸ್ ಅಕ್ಷರಗಳನ್ನೇ ಆರಿಸಿಕೊಂಡದ್ದು ಸಣ್ಣ ವಿಷಯವಲ್ಲ. ಎಂಥ ಕೀಲಿಮಣೆಯಲ್ಲೂ ಆ ಭಾಷೆಯನ್ನು ಟೈಪು ಮಾಡಬಹುದು. ಚರ್ಚಿಗೆ ಹೋಗುವವರೇ ರಾತ್ರಿ ಬೆಂಕಿಯ ಸುತ್ತ ನಡೆಯುವ ರೋಗಶಮನದ ಕುಣಿತಕ್ಕೂ ಹೋಗುತ್ತಾರೆ: ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಾರೆ, ಕಾಲಿಗೆ ಪತಂಗದ ಒಣಗೂಡುಗಳ ಗೆಜ್ಜೆ ಕಟ್ಟಿದ ಗಂಡಸರು ಮೈದುಂಬುವವರೆಗೆ ಕುಣಿದು, ರೋಗಿಗಳ ಮೈಮೇಲೆ ಕೈಯಿಡುತ್ತಾರೆ. ಹಳೆಯ ಮಿಷನರಿಗಳು ಇದರಲ್ಲಿ ಧರ್ಮವನ್ನು ಕಾಣಲಿಲ್ಲ. ನಮ್ಮ ಭೂತಕೋಲವನ್ನು ಆ ಕಾಲದ ಯುರೋಪಿಯನ್ನರು ‘ಪಿಶಾಚಾರಾಧನೆ’ ಎಂದು ಬರೆದದ್ದನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ.

ಭೂಮಿಯ ಪ್ರಶ್ನೆ ಮಾತ್ರ ಹಾಗೆಯೇ ಇದೆ. ದಕ್ಷಿಣ ಆಫ್ರಿಕದಲ್ಲಿ 1999ರ ಮಾರ್ಚ್‌ನಲ್ಲಿ ಕೋಮಾನಿ ಸಾನ್ ಜನರಿಗೆ ಕಲಹರಿಯ ಉದ್ಯಾನದ ಹೊರಗೆ ಸುಮಾರು 40,000 ಹೆಕ್ಟೇರ್ ನೆಲ ಒಪ್ಪಂದದ ಮೂಲಕ ಮರಳಿ ದೊರೆಯಿತು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕಾಡಿನೊಳಗಿನ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದ ಜೇನುಕುರುಬ ಕುಟುಂಬಗಳು ಎದುರಿಸಿದ ವಾದಗಳನ್ನೂ, ಬೋಟ್ಸ್ವಾನಾದಲ್ಲಿ ನಡೆದ ವಾದಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಊರಿನ ಹೆಸರುಗಳಷ್ಟೇ ಬೇರೆ ಎನ್ನಿಸುತ್ತದೆ.

ಕಲಹರಿಯ ತೀರ್ಪಿಗೆ ಎರಡು ಬಾಲಗಳಿದ್ದವು. ಮರಳಿ ಹೋಗುವ ಹಕ್ಕಿದೆ, ಆದರೆ ಅಲ್ಲಿ ಸೌಲಭ್ಯ ಒದಗಿಸುವ ಹೊಣೆ ಸರ್ಕಾರದ್ದಲ್ಲ ಎಂದು 2006ರ ನ್ಯಾಯಾಲಯ ಹೇಳಿತ್ತು. 2002ರಲ್ಲಿ ಮುಚ್ಚಿಸಿದ್ದ ಮೊಥೊಮೆಲೊದ ಕೊಳವೆಬಾವಿಯನ್ನು ತಮ್ಮ ಖರ್ಚಿನಲ್ಲಿ ಬಳಸಿಕೊಳ್ಳಲು, ಹೊಸದನ್ನು ಕೊರೆದುಕೊಳ್ಳಲು ಅವಕಾಶ ಸಿಗಬೇಕಾದರೆ ಇನ್ನೊಂದು ಮೊಕದ್ದಮೆ ಬೇಕಾಯಿತು. 2011ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಕೊಟ್ಟಿತು. ಎರಡನೆಯದು ಇನ್ನೂ ಕಠಿಣವಾದದ್ದು. ತೀರ್ಪು ಅನ್ವಯವಾಗುವುದು ಅರ್ಜಿದಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಎಂದು ಸರ್ಕಾರ ವ್ಯಾಖ್ಯಾನಿಸಿತು. ಪಟ್ಟಿಯಲ್ಲಿಲ್ಲದ ಬಂಧುಗಳು, ಹದಿನೆಂಟು ತುಂಬಿದ ಮಕ್ಕಳೂ ಸಹ, ಒಳಗೆ ಹೋಗಲು ಪರವಾನಗಿ ಪಡೆಯಬೇಕಾಯಿತು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೆ ಎಂದು ಕಾಬ್ಬೊ ಎಣಿಸಿದ್ದ ಸಾಲು ಈ ಪಟ್ಟಿಯಲ್ಲಿ ಒಂದೇ ತಲೆಮಾರಿಗೆ ನಿಂತುಬಿಡುತ್ತದೆ.